ಹೊಳೆಯ ತೊರಕೆಗೆ ಎಷ್ಟು ಹೆಸರು?

ನಮ್ಮ ಕರಾವಳಿಯವರಿಗೆ ತೊರಕೆ ಮೀನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ತಟ್ಟೆಯಂತೆ ಚಪ್ಪಟೆಯಾದ ಮೈ, ಹಿಂದಕ್ಕೆ ಚಾಚಿದ ಬಾಲ, ಆ ಬಾಲದ ಮೇಲೆ ಗರಗಸದ ಹಲ್ಲುಗಳಿರುವ ವಿಷದ ಮುಳ್ಳು. ಇದು ಕಡಲಿನ ಮೀನೆಂದೇ ನಮ್ಮ ತಿಳಿವಳಿಕೆ. ಆದರೆ ದಕ್ಷಿಣ ಅಮೆರಿಕದ ಅಮೆಜಾನ್, ಪರಾನಾ, ಪರಾಗ್ವೆ ಮೊದಲಾದ ನದಿಗಳಲ್ಲಿ ಕಡಲಿನ ಮುಖವನ್ನೇ ಕಾಣದೆ ಬಾಳುವ ತೊರಕೆಗಳ ಒಂದು ಕುಟುಂಬವೇ ಇದೆ. ಕಡಲ ತೊರಕೆಗಳು ರಕ್ತದಲ್ಲಿ ಯೂರಿಯಾವನ್ನು ಹಿಡಿದಿಟ್ಟುಕೊಂಡು ಉಪ್ಪುನೀರನ್ನು ತಾಳಿಕೊಳ್ಳುತ್ತವೆ. ಈ ಹೊಳೆಯ ತೊರಕೆಗಳ ರಕ್ತದಲ್ಲಿ ಯೂರಿಯಾ ಅತ್ಯಲ್ಪವೆಂದು 1967ರಲ್ಲಿ ಥಾರ್ಸನ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಮೊಟೊರೊ. ಇದನ್ನು ಇಂಥದೇ ಮೀನೆಂದು ಗುರುತಿಸಲು ವಿದ್ವಾಂಸರು ಪಟ್ಟ ಪಾಡು ನೂರ ಎಪ್ಪತ್ತು ವರ್ಷಗಳಿಗೂ ಮಿಕ್ಕಿದ್ದು.

1817ರಲ್ಲಿ ಆಸ್ಟ್ರಿಯದ ರಾಜಕುಮಾರಿ ಲಿಯೊಪೋಲ್ಡಿನಾ ವಿವಾಹದ ನಿಮಿತ್ತ ಬ್ರೆಜಿಲಿಗೆ ಹೊರಟಾಗ ಆಕೆಯ ಪರಿವಾರದೊಡನೆ ವಿಜ್ಞಾನಿಗಳ ತಂಡವೊಂದೂ ಹೊರಟಿತು. ಅದರಲ್ಲಿದ್ದ ಯೋಹಾನ್ ನಾಟೆರರ್ ಸುಮಾರು 18 ವರ್ಷ ಅಲ್ಲಿಯೇ ಅಲೆದು, ಪ್ರಾಣಿಪಕ್ಷಿಗಳ ಸಾವಿರಾರು ಮಾದರಿಗಳನ್ನು ವಿಯೆನ್ನಾಕ್ಕೆ ಕಳುಹಿಸಿದನು. ಕುಯಬಾ ನದಿಯ ತೊರಕೆಯೂ ಅವುಗಳಲ್ಲಿ ಒಂದು. 1841ರಲ್ಲಿ ಬರ್ಲಿನ್ನಿನ ಯೋಹಾನೆಸ್ ಮ್ಯೂಲರ್ ಮತ್ತು ಯಾಕೋಬ್ ಹೆನ್ಲೆ ತಮ್ಮ ಗ್ರಂಥದಲ್ಲಿ ಅದನ್ನು ವರ್ಣಿಸಿ, ನಾಟೆರರ್ ಕೊಟ್ಟ ‘ಮೊಟೊರೊ’ ಎಂಬ ಹೆಸರನ್ನೇ ಉಳಿಸಿಕೊಂಡರು. ವೈದ್ಯ ವಿದ್ಯಾರ್ಥಿಗಳು ಮೂತ್ರಪಿಂಡದ ಪಾಠದಲ್ಲಿ ‘ಹೆನ್ಲೆಯ ಕುಣಿಕೆ’ ಎಂದು ಓದುವುದು ಇದೇ ಹೆನ್ಲೆಯ ಹೆಸರನ್ನು. 1843ರಲ್ಲಿ ನಾಟೆರರ್ ತೀರಿಕೊಂಡನು. 1848ರ ವಿಯೆನ್ನಾ ದಂಗೆಯ ಬೆಂಕಿಯಲ್ಲಿ ಅವನ ದಿನಚರಿ, ಟಿಪ್ಪಣಿಗಳು ಸುಟ್ಟುಹೋದವು. ಮೀನಿನ ಹೆಸರು ಉಳಿಯಿತು, ಅದನ್ನು ಹಿಡಿದವನ ಮಾತು ಅಳಿಯಿತು.

ಮೊಟೊರೊವಿನ ಕಂದು ಬೆನ್ನಿನ ಮೇಲೆ ಕಪ್ಪು ಉಂಗುರದೊಳಗೆ ಹಳದಿ ಅಥವಾ ಕಿತ್ತಳೆಯ ಚುಕ್ಕೆಗಳು, ನವಿಲುಗರಿಯ ಕಣ್ಣಿನಂತೆ. ಯಾರ ದೃಷ್ಟಿಯಾದರೂ ಮೊದಲು ಹೋಗುವುದು ಅತ್ತ. ತೊಡಕು ಹುಟ್ಟಿದ್ದೂ ಅಲ್ಲಿಯೇ. ಒಂದು ಮೀನಿನ ಚುಕ್ಕೆ ದೊಡ್ಡದು, ಇನ್ನೊಂದರದು ಚಿಕ್ಕದು. ಒಂದರಲ್ಲಿ ವಿರಳ, ಇನ್ನೊಂದರಲ್ಲಿ ಒತ್ತಾಗಿ. ಒಂದೇ ಹಸುವಿನ ಕರುಗಳಲ್ಲಿ ಒಂದು ಕೆಂಪು, ಒಂದು ಕಪ್ಪು ಇರುವುದುಂಟು. ಹಟ್ಟಿಯಲ್ಲಿ ಇದಕ್ಕೆ ಯಾರೂ ಬೆರಗಾಗುವುದಿಲ್ಲ. ಆದರೆ ದೂರದ ಮ್ಯೂಸಿಯಮ್ಮಿನಲ್ಲಿ ಕುಳಿತವನ ಮುಂದೆ ಇದ್ದದ್ದು ಸಾರಾಯದ ಜಾಡಿಯಲ್ಲಿ ಬಣ್ಣ ಮಾಸಿದ ಒಂದೆರಡು ಮೀನು ಮಾತ್ರ. ಪ್ರತಿ ವ್ಯತ್ಯಾಸವೂ ಅವನಿಗೆ ಹೊಸ ಪ್ರಭೇದವಾಗಿ ಕಂಡಿತು.

1855ರಲ್ಲಿ ಫ್ರಾನ್ಸಿನ ಕಾಸ್ಟೆಲ್ನೊ ಒಂದಕ್ಕೆ ಮ್ಯೂಲರನ ಹೆಸರನ್ನೂ ಇನ್ನೊಂದಕ್ಕೆ ಹೆನ್ಲೆಯ ಹೆಸರನ್ನೂ ಇಟ್ಟನು. ಹೆನ್ಲೆಯ ಹೆಸರಿನದು ಇಂದಿಗೂ ಬೇರೆ ಪ್ರಭೇದವಾಗಿ ನಿಂತಿದೆ; ಮ್ಯೂಲರನ ಹೆಸರಿನದು ಮೊಟೊರೊವೇ ಎಂದಾಯಿತು. 1877ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಗಾರ್ಮನ್ ಈ ಮೀನುಗಳಿಗೆ ‘ಪೊಟಮೊಟ್ರೈಗಾನ್’ ಎಂಬ ಕುಲನಾಮ ಕೊಟ್ಟನು. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಹೊಳೆಯ ತೊರಕೆ ಎಂದೇ. 1913ರಲ್ಲಿ ಅವನೇ ಇನ್ನೂ ಕೆಲವು ಹೆಸರುಗಳನ್ನು ಕೂಡಿಸಿದನು. 1963ರಲ್ಲಿ ಅರ್ಜೆಂಟೀನದ ಮರಿಯಾನೊ ಕಾಸ್ಟೆಕ್ಸ್ ಮತ್ತಷ್ಟು ಪ್ರಭೇದಗಳನ್ನು ವರ್ಣಿಸಿದರು. ಇವುಗಳಲ್ಲಿ ಹಲವು ಮುಂದೆ ಮೊಟೊರೊವಿನ ಅಡ್ಡಹೆಸರುಗಳಾಗಿ ಉಳಿದುವು.

ಈ ಗೋಜಲನ್ನು ಬಿಡಿಸಲು ಕುಳಿತವರು ರಿಕಾರ್ಡೊ ರೋಸಾ. 1985ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಅವರು ಇಡೀ ಕುಟುಂಬವನ್ನೇ ಮರುಪರಿಶೀಲಿಸಿದರು. ಅನಂತರ 2013ರಲ್ಲಿ ಲೊಬೊಡಾ ಮತ್ತು ಕಾರ್ವಾಲ್ಯೊ ಪರಾನಾ–ಪರಾಗ್ವೆ ಕಣಿವೆಯ ಮೊಟೊರೊ ಬಳಗವನ್ನು ಒಂದೊಂದಾಗಿ ಅಳೆದರು. ಮೈಯ ಅಗಲ, ಬಾಲದ ಉದ್ದ, ಹಲ್ಲಿನ ಸಾಲು, ಚರ್ಮದ ಮೇಲಿನ ಸಣ್ಣ ಮುಳ್ಳುಗಳ ಆಕಾರ, ಮೃದ್ವಸ್ಥಿಯ ಹಂದರ — ಬಣ್ಣದೊಡನೆ ಇವೆಲ್ಲವೂ ಲೆಕ್ಕಕ್ಕೆ ಬಂದವು. ಫಲ ಸ್ವಾರಸ್ಯಕರ. ಮೊಟೊರೊ ತನ್ನ ಹೆಸರನ್ನು ಉಳಿಸಿಕೊಂಡಿತು. ಆದರೆ ಅದರ ಹೆಸರಿನಲ್ಲಿಯೇ ಅಡಗಿದ್ದ ಎರಡು ಮೀನುಗಳು, ಪಂಟಾನೆನ್ಸಿಸ್ ಮತ್ತು ಅಮಾಂಡೆ, ಬೇರೆ ಪ್ರಭೇದಗಳಾಗಿ ಹೊರಬಂದವು. ಹಿಂದೆ ಒಂದನ್ನೇ ಹಲವೆಂದು ಎಣಿಸಿದ್ದರು. ಹಲವನ್ನು ಒಂದೆಂದು ಎಣಿಸಿದ್ದೂ ಅಷ್ಟೇ ನಿಜವಾಯಿತು.

ಡಿಎನ್‌ಎ ಪರೀಕ್ಷೆಯಿಂದ ಇದೆಲ್ಲ ಬಗೆಹರಿಯದೇ ಎಂದು ಕೇಳಬಹುದು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಕುಲದ ಪ್ರಭೇದಗಳನ್ನು ಮೈಟೊಕಾಂಡ್ರಿಯದ ಡಿಎನ್‌ಎಯಿಂದ ಬೇರ್ಪಡಿಸಲು ಯತ್ನಿಸಿದಾಗ ಗೆರೆಗಳು ಸ್ಪಷ್ಟವಾಗಿ ಮೂಡಲಿಲ್ಲ. ಹೀಗಾಗಿ ಅಳತೆಪಟ್ಟಿಯ ಕೆಲಸ ಇನ್ನೂ ಮುಗಿದಿಲ್ಲ.

ಹೊಳೆಯಲ್ಲಿ ಕಾಲಿಟ್ಟು ಮುಳ್ಳು ಚುಚ್ಚಿಸಿಕೊಂಡ ಬೆಸ್ತನಿಗೆ ಈ ಹೆಸರುಗಳಿಂದ ಏನಾಗಬೇಕು ಎನ್ನಿಸಬಹುದು. ಆದರೆ ಈ ಚಂದದ ಚುಕ್ಕೆಗಳಿಗಾಗಿಯೇ ಇವುಗಳನ್ನು ಹಿಡಿದು ಅಕ್ವೇರಿಯಂ ವ್ಯಾಪಾರಕ್ಕೆ ಹೊರದೇಶಗಳಿಗೆ ಕಳುಹಿಸುತ್ತಾರೆ. ತೊರಕೆ ಮೊಟ್ಟೆಯಿಡದೆ ಕೆಲವೇ ಮರಿಗಳನ್ನು ಹಾಕುವ ಮೀನು. ಕಳೆದುಕೊಂಡ ಸಂಖ್ಯೆಯನ್ನು ಬೇಗ ತುಂಬಿಕೊಳ್ಳಲಾರದು. ಅದಕ್ಕಾಗಿ 2022ರಲ್ಲಿ ಪನಾಮದಲ್ಲಿ ಸೇರಿದ ವನ್ಯಜೀವಿ ವ್ಯಾಪಾರ ಒಪ್ಪಂದದ ಸಮ್ಮೇಳನ ಹೊಳೆಯ ತೊರಕೆಗಳ ಕೆಲವು ಪ್ರಭೇದಗಳನ್ನು ನಿಯಂತ್ರಣದ ಪಟ್ಟಿಗೆ ಸೇರಿಸಿತು. ಪಟ್ಟಿಯಲ್ಲಿರುವುದು ಹೆಸರು, ಬಂದರಿನಲ್ಲಿ ಪೆಟ್ಟಿಗೆ ತೆರೆದ ಅಧಿಕಾರಿಯ ಮುಂದಿರುವುದು ಮೀನು. ಇವೆರಡೂ ಕೂಡಿಬಾರದಿದ್ದರೆ ಕಾನೂನು ಕಾಗದದ ಮೇಲೆಯೇ ಉಳಿಯುತ್ತದೆ. ಚುಕ್ಕೆಯೊಂದನ್ನೇ ನೋಡಿ ಹೆಸರಿಟ್ಟವರ ತಪ್ಪನ್ನು ತಿದ್ದುವುದು ಬರಿಯ ಪಾಂಡಿತ್ಯದ ಹಟವಲ್ಲ, ಆ ಮೀನಿನ ಉಳಿವಿನ ಪ್ರಶ್ನೆ.