ಬಿಸಿನೀರು, ತಣ್ಣೀರು ಮತ್ತು ಕಾಯಿಸಿ ಆರಿಸಿದ ನೀರು

ಜೀರ್ಣಶಕ್ತಿಗೆ ಬಿಸಿನೀರು ಹಿತವೋ ತಣ್ಣೀರು ಹಿತವೋ ಎಂಬ ಪ್ರಶ್ನೆ ಹೊಸದಲ್ಲ. ಇಂದು ಪ್ರಾಚೀನ ವೈದ್ಯಗ್ರಂಥಗಳ ಹೆಸರಿನಲ್ಲಿ ‘ಬಿಸಿನೀರೇ ಸದಾ ಶ್ರೇಷ್ಠ’ ಎಂಬ ಉತ್ತರ ಪ್ರಚಾರದಲ್ಲಿದೆ. ಆದರೆ ಆ ಗ್ರಂಥಗಳು ನೀರಿನ ಬಿಸುಪನ್ನಷ್ಟೇ ನೋಡಿ ತೀರ್ಪು ನೀಡಿದವಲ್ಲ. ನೀರಿಗೆ ಆದ ಸಂಸ್ಕಾರ, ಅದನ್ನು ಇರಿಸಿದ ಅವಧಿ, ಕುಡಿಯುವವನ ದೇಹಸ್ಥಿತಿ ಎಂಬ ಮೂರನ್ನೂ ಅವು ಕೂಡಿಸಿ ನೋಡಿದವು. ಕರ್ನಾಟಕದಲ್ಲಿ ಈ ವಿಚಾರಕ್ಕೆ ಜೈನರ ಜಲಾಚಾರವೂ ಜೊತೆಗೂಡಿತು.

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶನು, ಜ್ವರಪೀಡಿತರಿಗೆ ವೈದ್ಯರು ಹೆಚ್ಚಾಗಿ ಬಿಸಿನೀರನ್ನೇ ಏಕೆ ಕೊಡುತ್ತಾರೆಂದು ಗುರುವನ್ನು ಕೇಳುತ್ತಾನೆ. ಜ್ವರವು ಆಮಾಶಯದಿಂದ ಹುಟ್ಟುವ ವ್ಯಾಧಿ. ಅದಕ್ಕೆ ಪಾಚನ ಬೇಕು. ಬಿಸಿನೀರು ಅಗ್ನಿಯನ್ನು ಉದ್ದೀಪಿಸಿ, ವಾತವನ್ನು ಕೆಳಮುಖವಾಗಿಸಿ, ಕಫವನ್ನು ಒಣಗಿಸುತ್ತದೆ ಎಂಬುದು ಆತ್ರೇಯನ ಉತ್ತರದ ಸಾರ. ಅಲ್ಲಿಯೇ ಅಪವಾದವೂ ಇದೆ. ಪಿತ್ತ ಮಿತಿಮೀರಿದ್ದಾಗ, ದಾಹ, ಭ್ರಮೆ, ಪ್ರಲಾಪ, ಅತಿಸಾರಗಳಿದ್ದಾಗ ಬಿಸಿನೀರು ಸಲ್ಲದು, ಶೀತವೇ ಶಮನಕಾರಿ.

ವಾಗ್ಭಟನ ಅಷ್ಟಾಂಗಹೃದಯವು ಇದನ್ನು ಇನ್ನಷ್ಟು ವಿಂಗಡಿಸುತ್ತದೆ. ಮೂರ್ಛೆ, ವಾಂತಿ, ಆಯಾಸ, ಬಾಯಾರಿಕೆ, ಉರಿ, ರಕ್ತಪಿತ್ತ ವಿಕಾರಗಳಿಗೆ ತಣ್ಣೀರು. ಬಿಕ್ಕಳಿಕೆ, ಹೊಟ್ಟೆಯುಬ್ಬರ, ನೆಗಡಿ, ಕೆಮ್ಮು, ನವಜ್ವರ, ಆಮದೋಷಗಳಿಗೆ ಬಿಸಿನೀರು. ಊಟದ ಮೊದಲು ಕುಡಿದ ನೀರು ದೇಹವನ್ನು ಕೃಶಗೊಳಿಸುತ್ತದೆ, ನಡುವೆ ಕುಡಿದದ್ದು ಸಮವಾಗಿರಿಸುತ್ತದೆ, ಕೊನೆಯಲ್ಲಿ ಕುಡಿದದ್ದು ಸ್ಥೂಲಗೊಳಿಸುತ್ತದೆ ಎಂದೂ ಅವನು ಹೇಳುತ್ತಾನೆ.

ಈ ಎರಡರ ನಡುವೆ ಮೂರನೆಯದೊಂದಿದೆ: ‘ಕ್ವಥಿತಶೀತಲ’, ಅಂದರೆ ಕುದಿಸಿ ತಣಿಸಿದ ನೀರು. ಕನ್ನಡದ ಮನೆಮಾತಿನಲ್ಲಿ ಇದೇ ‘ಕಾಯಿಸಿ ಆರಿಸಿದ ನೀರು’. ಮುಟ್ಟಿದರೆ ತಣ್ಣಗಿದ್ದರೂ ಇದು ತಣ್ಣೀರಲ್ಲ. ಹಗುರವಾದುದು, ಪಿತ್ತ ಕೂಡಿದ ದೋಷಗಳಲ್ಲಿಯೂ ಹಿತವಾದುದು. ಆದರೆ ಅದೇ ನೀರು ರಾತ್ರಿ ಕಳೆದು ಹಳಸಿದರೆ ತ್ರಿದೋಷಕಾರಿ ಎಂದು ವಾಗ್ಭಟನು ಎಚ್ಚರಿಸುತ್ತಾನೆ. ನಂತರದ ಗ್ರಂಥಗಳು ಅರ್ಧ, ಕಾಲು ಅಥವಾ ಎಂಟನೆಯ ಒಂದು ಭಾಗ ಉಳಿಯುವಂತೆ ಬತ್ತಿಸಿದ ನೀರನ್ನೋ, ಕುದಿಸಿಯಾದರೂ ಇಳಿಸಿದ ನೀರನ್ನೋ ‘ಉಷ್ಣೋದಕ’ವೆಂದು ಕರೆದವು. ಉಗುರುಬೆಚ್ಚಗೆ ಮಾಡಿದ ಮಾತ್ರಕ್ಕೆ ನೀರು ಉಷ್ಣೋದಕವಾಗದು.

ಜೈನಾಚಾರದ ನೆಲೆ ಬೇರೆ. ಅಲ್ಲಿ ಪ್ರಶ್ನೆ ಜಠರಾಗ್ನಿಯದಲ್ಲ, ಜೀವದಯೆಯದು. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ತಂದ ಬಾವಿಗೇ ಮರಳಿಸುವುದು ಶ್ರಾವಕರ ಕ್ರಮ. ದಿಗಂಬರ ಸಂಪ್ರದಾಯದಲ್ಲಿ ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಲವಂಗ ಮೊದಲಾದವುಗಳಿಂದ ಪ್ರಾಸುಕಗೊಳಿಸಿದ ನೀರಿಗೆ ಎರಡು ಪ್ರಹರ, ಅಂದರೆ 6 ಗಂಟೆ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆಗಳ ಮರ್ಯಾದೆ. ದಿನಕ್ಕೊಮ್ಮೆ ಮಾತ್ರ, ನಿಂತು, ಕರಪಾತ್ರದಲ್ಲಿ ಆಹಾರ ಸ್ವೀಕರಿಸುವ ಮುನಿಗಳಿಗೆ ನೀರೂ ಆಗಲೇ. ಅದು ಪ್ರಾಸುಕವೇ ಆಗಿರಬೇಕು.

ವೈದ್ಯನೂ ಶ್ರಾವಕನೂ ನೀರನ್ನು ಕುದಿಸಿದರು. ಇಬ್ಬರೂ ಅದಕ್ಕೆ ಕಾಲದ ಗಡಿ ಹಾಕಿದರು. ಆದರೆ ಒಬ್ಬನದು ದೋಷವಿಚಾರ, ಇನ್ನೊಬ್ಬನದು ಅಹಿಂಸಾವ್ರತ. ಪ್ರಾಸುಕ ಜಲವನ್ನು ಆಧುನಿಕ ರೋಗಾಣುವಿಜ್ಞಾನದ ಪೂರ್ವಸೂಚನೆಯೆಂದು ಕೊಂಡಾಡುವವರು ಈ ಭೇದವನ್ನು ಮರೆಯುತ್ತಾರೆ. ಕುದಿಸುವುದರಿಂದ ಆರೋಗ್ಯಲಾಭವಾಗಿರಬಹುದು, ಆದರೆ ಫಲವನ್ನೇ ಉದ್ದೇಶವೆಂದು ಹೇಳಿದರೆ ವ್ರತದ ಅರ್ಥ ಕೆಡುತ್ತದೆ.

ಇಂಥದೇ ವಿಸ್ಮರಣೆ ಬಿಸಿನೀರಿಗೆ ಜೇನು ಬೆರೆಸುವ ಇಂದಿನ ರೂಢಿಯಲ್ಲಿಯೂ ಕಾಣುತ್ತದೆ. ಉಷ್ಣದೊಡನೆ ಜೇನು ಸೇವಿಸುವುದನ್ನು ವಾಗ್ಭಟನು ಸ್ಪಷ್ಟವಾಗಿ ನಿಷೇಧಿಸುತ್ತಾನೆ. 12ನೆಯ ಶತಮಾನದಲ್ಲಿ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ಚಿಕಿತ್ಸೆಯಾದರೋ ಮದ್ಯ, ಮಾಂಸ, ಮಧುಗಳನ್ನು ಪೂರ್ತಿಯಾಗಿ ಬಿಟ್ಟದ್ದು. ಅಲ್ಲಿ ವೈದ್ಯಕ್ಕೆ ಎಲ್ಲೆ ಕಟ್ಟಿದ್ದು ಧರ್ಮವೇ.

ಕನ್ನಡದ ಶಾಸ್ತ್ರಸಾಹಿತ್ಯದಲ್ಲಿ ಈ ಲೋಕಗಳು ಅಕ್ಕಪಕ್ಕದಲ್ಲೇ ಇದ್ದವು. ಸುಮಾರು 1025ರ ಲೋಕೋಪಕಾರದಲ್ಲಿ ಎರಡನೆಯ ಚಾವುಂಡರಾಯನು ಅಂತರ್ಜಲ ಶೋಧ, ಪಾಕ, ವೈದ್ಯಗಳನ್ನು ಒಂದೇ ಗ್ರಂಥದಲ್ಲಿ ಹೇಳಿದನು. 16ನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಕಲ್ಲಹಳ್ಳಿಯ ಜೈನಕವಿ ಮೂರನೆಯ ಮಂಗರಸನು ಸೂಪಶಾಸ್ತ್ರದಲ್ಲಿ ಪಾನಕಗಳಿಗೂ ಎಡೆಯಿತ್ತನು.

ಮೈಸೂರು ನಗರದಲ್ಲಿ 1891ರಲ್ಲಿ ಪ್ರಾಚ್ಯ ಗ್ರಂಥಾಲಯವೂ 1908ರಲ್ಲಿ ಆಯುರ್ವೇದ ಕಾಲೇಜೂ ಸ್ಥಾಪನೆಗೊಂಡವು; ಇವೆರಡರ ನಡುವೆ, 1907ರಲ್ಲಿ, ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ ಹೊರಬಂದು ಕನ್ನಡ ವೈದ್ಯಕವಿಗಳಿಗೂ ಸಾಹಿತ್ಯಚರಿತ್ರೆಯಲ್ಲಿ ಸ್ಥಾನ ಕೊಟ್ಟಿತು. ಸಂಹಿತೆಗಳನ್ನು ವೈದ್ಯರೂ ಶಾಸ್ತ್ರಕಾವ್ಯಗಳನ್ನು ಸಾಹಿತ್ಯಾಭ್ಯಾಸಿಗಳೂ ಶ್ರಾವಕಾಚಾರಗಳನ್ನು ಧರ್ಮಜಿಜ್ಞಾಸುಗಳೂ ಬೇರೆ ಬೇರೆಯಾಗಿಯೇ ಓದಿದರೆ, ಒಂದು ಲೋಟ ನೀರಿನ ಹಿಂದಿನ ವಿವೇಕ ಕೈಗೆ ಸಿಗುವುದಿಲ್ಲ. ಈ ಮೂರನ್ನೂ ಕೂಡಿಸಿ ಓದಿದಾಗ ‘ಬಿಸಿಯೋ ತಣ್ಣಗೋ’ ಎಂಬ ಪ್ರಶ್ನೆಯೇ ಬದಲಾಗುತ್ತದೆ: ಯಾರಿಗೆ, ಯಾವಾಗ, ಎಷ್ಟು ಹೊತ್ತಿನ ಹಿಂದೆ ಕಾಯಿಸಿದ್ದು, ಯಾವ ಉದ್ದೇಶಕ್ಕಾಗಿ?