ಎಚ್‌ಐವಿ ಸೋಂಕು ಮತ್ತು ಪ್ರತಿಕಾಯಗಳು

ವಿಜಯಪುರ ಜಿಲ್ಲೆಯ ಮುಳವಾಡದವರು ಎಚ್‌ಐವಿ ಪರೀಕ್ಷೆಗೆಂದು ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾಸ್ಪತ್ರೆಗೋ ಹೋದರೆ, ಅಲ್ಲಿನ ಐಸಿಟಿಸಿಯಲ್ಲಿ (ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಅದು ಉಚಿತ. ಆ ಪರೀಕ್ಷೆ ಮುಖ್ಯವಾಗಿ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ಭಾರತದ ಮೊದಲ ಸೋಂಕಿತರನ್ನು ಗುರುತಿಸಿದ್ದೂ ಹೀಗೆಯೇ.

ಪ್ರತಿಕಾಯ ಇದ್ದೂ ಸೋಂಕು ಏಕೆ ಉಳಿಯುತ್ತದೆ?

ದಡಾರದ ಪ್ರತಿಕಾಯ ಬಂತೆಂದರೆ ಆ ರೋಗ ಮತ್ತೆ ಬರುವುದು ಅಪರೂಪ. ಎಚ್‌ಐವಿಯಲ್ಲಿ ಈ ಲೆಕ್ಕ ನಡೆಯದು. ರಕ್ತದಲ್ಲಿ ವೈರಾಣು ಕಾಣಿಸಿದ ಸುಮಾರು ಎರಡು ವಾರಕ್ಕೆ ಅದರ ಹೊರಪದರದ ಜಿಪಿ41 ಪ್ರೋಟೀನಿಗೆ ಅಂಟುವ ಪ್ರತಿಕಾಯಗಳು ಹುಟ್ಟುತ್ತವೆ. ಅಂಟುತ್ತವೆ, ಅಷ್ಟೇ, ವೈರಾಣುವನ್ನು ನಿಷ್ಕ್ರಿಯಗೊಳಿಸುವುದಿಲ್ಲ. ಆ ಶಕ್ತಿಯುಳ್ಳವು ಬರಲು ತಿಂಗಳುಗಳು ಬೇಕು. ವೈರಾಣುವಾದರೋ ತನ್ನ ನಕಲು ತೆಗೆಯುವಾಗ ತಪ್ಪಿನ ಮೇಲೆ ತಪ್ಪು ಮಾಡುತ್ತ, ಅಷ್ಟರಲ್ಲಿ ರೂಪ ಬದಲಿಸಿರುತ್ತದೆ. ಜೀವಕೋಶವನ್ನು ಹಿಡಿಯುವ ಜಿಪಿ120 ಪ್ರೋಟೀನಿನ ತೂಕದಲ್ಲಿ ಅರ್ಧದಷ್ಟು ನಮ್ಮದೇ ಕೋಶ ತೊಡಿಸಿದ ಸಕ್ಕರೆ ಅಣುಗಳು; ಅವನ್ನು ದೇಹ ಪರಕೀಯವೆಂದು ಸುಲಭವಾಗಿ ಗುರುತಿಸದು. ಸಾಲದ್ದಕ್ಕೆ, ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ನೆರವಾಗುವ ಸಿಡಿ4 ಕೋಶಗಳನ್ನೇ ಎಚ್‌ಐವಿ ಕೊಲ್ಲುತ್ತದೆ.

ವಿಂಡೋ ಪೀರಿಯಡ್

ಸೋಂಕು ತಗುಲಿದ ದಿನದಿಂದ ಪರೀಕ್ಷೆಗೆ ಸಿಗುವಷ್ಟು ಪ್ರತಿಕಾಯ ಹುಟ್ಟಲು ಸಾಮಾನ್ಯವಾಗಿ ಮೂರು ವಾರದಿಂದ ಮೂರು ತಿಂಗಳು ಹಿಡಿಯುತ್ತದೆ. ವಿಂಡೋ ಪೀರಿಯಡ್ ಎನ್ನುವ ಈ ಅವಧಿಯಲ್ಲಿ ಸೋಂಕಿದ್ದರೂ ವರದಿ ನೆಗೆಟಿವ್ ಬರಬಹುದು. ಆದರೆ ಹರಡುವ ಸಾಧ್ಯತೆ ಆಗಲೇ ಹೆಚ್ಚು. ಗೋವಾಕ್ಕೋ ಮಹಾರಾಷ್ಟ್ರಕ್ಕೋ ದುಡಿಯಲು ಹೋದವರು ಹಬ್ಬಕ್ಕೆ ಬಂದಾಗ ಪರೀಕ್ಷೆ ಮಾಡಿಸಿಕೊಂಡಿದ್ದರೆ, ಈ ಅವಧಿ ಮುಗಿದ ಮೇಲಿನ ಎರಡನೆಯ ಪರೀಕ್ಷೆಯನ್ನು ದುಡಿಯುವ ಊರಿನ ಐಸಿಟಿಸಿಯಲ್ಲೇ ಮಾಡಿಸಬಹುದು. ಪಾಸಿಟಿವ್ ಎಂದು ಖಚಿತಪಡಿಸಲು ಒಂದು ಕಿಟ್ ಸಾಲದು, ಮೂರು ಬೇರೆ ಬೇರೆ ಕಿಟ್‌ಗಳು ಬೇಕು.

ಕೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯ

ಬಸಿರಿನಲ್ಲೇ ತಾಯಿಯ ಪ್ರತಿಕಾಯಗಳು ಕೂಸಿಗೆ ದಾಟಿ 18 ತಿಂಗಳವರೆಗೂ ಉಳಿಯಬಹುದು. ಹೀಗಾಗಿ ಸೋಂಕಿಲ್ಲದ ಕೂಸಿನ ಪ್ರತಿಕಾಯ ಪರೀಕ್ಷೆಯೂ ಪಾಸಿಟಿವ್ ತೋರಿಸೀತು. ಆರನೆಯ ವಾರದಲ್ಲಿ ವೈರಾಣುವಿನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡುವುದು ಇದಕ್ಕಾಗಿ.

ಅಪರೂಪದ ಪ್ರತಿಕಾಯಗಳು

ಕೆಲವೇ ಸೋಂಕಿತರಲ್ಲಿ, ವರ್ಷಗಳ ನಂತರ, ಹಲವು ತಳಿಗಳನ್ನು ಒಟ್ಟಿಗೆ ತಡೆಯಬಲ್ಲ ಪ್ರತಿಕಾಯಗಳು ಹುಟ್ಟುತ್ತವೆ. 2010ರಲ್ಲಿ ಪ್ರಕಟವಾದ ವಿಆರ್‌ಸಿ01 ಅಂಥದ್ದು. ಅದನ್ನು ಸೋಂಕಿಲ್ಲದವರಿಗೆ ಡ್ರಿಪ್ ಮೂಲಕ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು: ಒಟ್ಟಾರೆ ಸೋಂಕು ತಗ್ಗಲಿಲ್ಲ, ಅದಕ್ಕೆ ಮಣಿಯುವ ತಳಿಗಳು ಮಾತ್ರ ತಡೆಗೊಂಡವು. ಇಂಥ ಪ್ರತಿಕಾಯಗಳನ್ನು ಹುಟ್ಟಿಸುವ ಲಸಿಕೆಯ ದಾರಿ ಇನ್ನೂ ದೂರವಿದೆ.

ಸದ್ಯಕ್ಕೆ ನೆಚ್ಚಬೇಕಾದದ್ದು 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ, ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಗುಳಿಗೆಯನ್ನೇ. ಅನುಮಾನವಿದ್ದವರು 1097ಕ್ಕೆ ಕರೆ ಮಾಡಿ, ಕರೆ ಉಚಿತ.