ಅರ್ಜುನವಾಡದ ಕಲ್ಲು ಮತ್ತು ಬಸವಣ್ಣನ ಚಾರಿತ್ರಿಕತೆ

ಕಳಚುರಿ ಅರಸ ಬಿಜ್ಜಳನ ಕಾಲದ ಶಾಸನಗಳಲ್ಲಿ, ಅವನ ಭಂಡಾರಿಯಾಗಿದ್ದನೆನ್ನಲಾಗುವ ವಚನಕಾರ ಬಸವಣ್ಣನ ಹೆಸರು ಖಚಿತವಾಗಿ ಕಾಣುವುದಿಲ್ಲ. ಅಬ್ಬಲೂರಿನ ಶಾಸನವನ್ನು ಸಂಪಾದಿಸಿದ ಜೆ.ಎಫ್. ಫ್ಲೀಟ್, ಶೈವ ಪುನರುತ್ಥಾನದ ನಾಯಕತ್ವವನ್ನು ಅದರಲ್ಲಿ ವರ್ಣಿತನಾದ ಶಿವಭಕ್ತ ಏಕಾಂತದ ರಾಮಯ್ಯನಿಗೆ ಕೊಟ್ಟು ಬಸವಪುರಾಣಗಳ ಸಾಕ್ಷ್ಯವನ್ನು ಸಂಶಯಿಸಿದ್ದು ಈ ಮೌನದ ಬಲದಿಂದಲೇ. ಬಿಜ್ಜಳನ ಬೇರೆ ಅಧಿಕಾರಿಗಳು ಶಾಸನಸ್ಥರಾಗಿರುವಾಗ ಭಂಡಾರಿ ಬಸವಣ್ಣ ಏಕಿಲ್ಲ ಎಂಬ ಪ್ರಶ್ನೆ ಹಗುರವಾದದ್ದಲ್ಲ. ಆದರೆ ಆ ಅಧಿಕಾರಿಗಳು ಕಲ್ಲಿಗೇರಿದ್ದು ಬಹುಮಟ್ಟಿಗೆ ದತ್ತಿಯ ನೆಪದಲ್ಲಿ. ಭೂಮಿ ಬಿಟ್ಟವರ, ಬಿಡಿಸಿದವರ ದಾಖಲೆಯಿಂದ ಕಾಲದ ಜನಗಣತಿಯನ್ನು ನಿರೀಕ್ಷಿಸಲಾಗದು.

ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ 1260ರದು, ಸೇವುಣ ಕನ್ನರನ ಆಳ್ವಿಕೆಯದು. ದತ್ತಿಯ ಸಂದರ್ಭದಲ್ಲಿ ಹಾಲಬಸವಿದೇವನ ವಂಶವನ್ನು ಹೇಳುತ್ತ ಅದು ತರ್ದವಾಡಿ ನಾಡಿನ ಬಾಗೇವಾಡಿಯನ್ನೂ ಮಾದಿರಾಜನನ್ನೂ ಅವನ ಮಗ ಬಸವರಾಜನನ್ನೂ ಹೆಸರಿಸುತ್ತದೆ. ತಂದೆ, ಊರು ಎರಡೂ ಕಾವ್ಯಪರಂಪರೆಗೆ ತಾಳೆಯಾಗುತ್ತವೆ. ಬಸವಣ್ಣನ ನಂತರ ಸುಮಾರು ಒಂದು ಶತಮಾನ ಸಂದಿತ್ತು. ಕೀರ್ತಿವಂತನನ್ನು ಪೂರ್ವಿಕನನ್ನಾಗಿ ಮಾಡಿಕೊಳ್ಳುವ ಆಸೆ ಕುಟುಂಬಕ್ಕಿದ್ದಿರಬಹುದು. ಆದರೆ ವಂಶ ಹರಿದುಬಂದಿರುವುದು ಅಣ್ಣ ದೇವರಾಜನಿಂದ. ಕಟ್ಟುಕತೆ ಹೆಣೆಯುವವರು ಬಸವಣ್ಣನ ನೇರ ಸಂತತಿಯನ್ನು ಬಿಟ್ಟು ಪಕ್ಕದ ಕವಲನ್ನು ಹಿಡಿಯುವುದು ವಿರಳ.

ಹರಿಹರನ ರಗಳೆಯಲ್ಲೂ ಇಂಥದೇ ಒಂದು ಸುಳಿವಿದೆ. ಅವನ ಬಸವಣ್ಣ ಬಿಜ್ಜಳನ ಸೇವೆಗೆ ಸೇರುವುದು ಮಂಗಳವಾಡದಲ್ಲಿ. ಪಾಲ್ಕುರಿಕೆ ಸೋಮನಾಥನ ತೆಲುಗು ಪುರಾಣದಿಂದೀಚೆಗೆ ಆ ರಂಗಸ್ಥಳ ಕಲ್ಯಾಣ. ಕಲ್ಯಾಣ ಕೈಸೇರುವ ಮುನ್ನ ಬಿಜ್ಜಳ ಮಂಗಳವಾಡದ ಮಹಾಮಂಡಲೇಶ್ವರನಾಗಿದ್ದನೆಂಬುದು ಶಾಸನಸಿದ್ಧ. ಕಲ್ಯಾಣದ ಪ್ರಭೆ ಇನ್ನೂ ಆವರಿಸದ ನೆನಪೊಂದು ಹರಿಹರನಲ್ಲಿ ಉಳಿದಿರಬೇಕು. ಪವಾಡಗಳ ನಡುವೆ ಸಿಕ್ಕಿದ್ದರೂ ಈ ಸ್ಥಳನಾಮಕ್ಕೆ ಪವಾಡದ ಹಂಗಿಲ್ಲ.

ಆದರೂ ಸಾಕ್ಷ್ಯವನ್ನು ಅದರ ಶಕ್ತಿ ಮೀರಿ ಎಳೆಯಬಾರದು. ಅರ್ಜುನವಾಡದ ಕಲ್ಲು ವ್ಯಕ್ತಿಯನ್ನು, ಮನೆತನವನ್ನು ಸ್ಥಾಪಿಸುತ್ತದೆ. ಶರಣರ ಗೋಷ್ಠಿಯೆನ್ನುವ ಅನುಭವ ಮಂಟಪದ ಕಲಾಪಗಳನ್ನಲ್ಲ. ಆ ಮಂಟಪದ ಶೂನ್ಯಸಿಂಹಾಸನದ ವಿಸ್ತೃತ ಚಿತ್ರ 15ನೆಯ ಶತಮಾನದ ಶೂನ್ಯಸಂಪಾದನೆಯದು. ಸ್ಥಾವರವನ್ನು, ಎಂದರೆ ಗುಡಿಯ ಪೂಜೆಯನ್ನು, ಹಿಂದಿಟ್ಟ ಬಸವಣ್ಣ ದೇವಾಲಯದ ಶಾಸನದಲ್ಲಿ ಸಿಗದಿರುವುದು ಸಹಜ ಎನ್ನುವ ವಾದ ಆಕರ್ಷಕ. ಆದರೆ ಅದಕ್ಕೆ ಆಧಾರವಾದ ವಚನಗಳ ಹಸ್ತಪ್ರತಿಗಳೂ ಶತಮಾನಗಳ ನಂತರದವು. ಮೌನಕ್ಕೆ ಅದು ವಿವರಣೆಯಾದೀತು, ಪುರಾವೆಯಾಗದು.

ಹೀಗಾಗಿ ಆಕರದ ಕಾಲದಷ್ಟೇ ಅದರ ಉದ್ದೇಶವೂ ತೂಕಕ್ಕೆ ಬರಬೇಕು. ಅರ್ಜುನವಾಡದ ಶಾಸನ ಬಸವಣ್ಣನನ್ನು ಸಾಬೀತುಪಡಿಸಲು ನಿಂತದ್ದಲ್ಲ, ದತ್ತಿಯೊಂದನ್ನು ಕಾಪಾಡಲು ನಿಂತದ್ದು. ಅದರ ಮಾತಿಗೆ ಬೆಲೆ ಬಂದಿರುವುದು ಅದರಿಂದಲೇ.